ಹಟ್ಟಿ ಬಾಗಿಲದಾಗ ಎಣಿಸಿದ ಗಾಡಿಗಳು

ಗಾಡಿ ಎಣಿಸೋದು ಏನು ದೊಡ್ಡ ವಿದ್ಯೆ ಅಂತ ನಾನು ತಿಳಿದಿದ್ದೆ. ನಲವತ್ತು ವರ್ಷ ಕುರಿ ಎಣಿಸಿದವ ನಾನು. ಕುರಿ ನೋಡಾಕ ಎಲ್ಲಾ ಒಂದೇ ಥರ. ಗಾಡಿಗಾದರೆ ಮೈಮ್ಯಾಲೆ ನಂಬರೇ ಬರೆದಿರ್ತದ. ಇಷ್ಟು ಅನುಕೂಲ ಇದ್ದ ಮ್ಯಾಲೂ ತಪ್ಪಬೇಕಾದರೆ ವಿಶೇಷ ಶಾಣ್ಯಾತನ ಬೇಕು. ಆ ಶಾಣ್ಯಾತನ ನನ್ನ ಹತ್ತಿರ ಇತ್ತು ಅನ್ನೋದು ಮಸ್ಕಿಗೆ ಹೋದ ಮ್ಯಾಲೆ ತಿಳೀತು.

ನನ್ನ ಮೊಮ್ಮಗಳು ರೇಣುಕಾ ರಸ್ತೆ ಮ್ಯಾಲೆ ಸಂಶೋಧನೆ ಮಾಡಾಕತ್ತ್ಯಾಳ. ನಮ್ಮ ವಂಶದಾಗ ರಸ್ತೆ ಮ್ಯಾಲೆ ನಡೆದವರು ಭಾಳ ಮಂದಿ, ರಸ್ತೆ ಓದಿದಾಕಿ ಈಕಿ ಒಬ್ಬಾಕಿ. ನಾನು ಎರಡನೇ ಕ್ಲಾಸಿಗೆ ಸಾಲಿ ಬಿಟ್ಟವ. ನಮ್ಮೂರು ಸಂತೆಕಲ್ಲೂರಿನ ಕಟ್ಟಿ ಮ್ಯಾಲೆ ಕುಂತು ಎಲ್ಲರಿಗೂ ಹೇಳಿದೆ.

"ಅಂದ್ರ ರಸ್ತೆ ಹಾಕಿಸ್ತಾಳೇನು?" ಅಂದ ಒಬ್ಬ.

"ಇಲ್ಲೋ. ಗಾಡಿ ಯಾಕ ಗದ್ದಲ ಆಗಿ ನಿಂದರ್ತಾವ ಅಂತ ಕಂಡು ಹಿಡಿತಾಳ."

"ಅದಕ್ಕ ಅಷ್ಟು ಓದಬೇಕಾ? ಸಂತಿ ದಿನ ಮಸ್ಕಿಗೆ ಹೋಗಿ ನಿಂತರ ಆತು."

ಅವನಿಗೆ ಏನು ಗೊತ್ತು. ಆದ್ರ ರೇಣುಕಾ ಖರೇನೇ ಸಂತಿ ದಿನ ಮಸ್ಕಿಗೆ ಹೋಗಿ ನಿಲ್ಲುವವಳಿದ್ದಳು. ಕಾಲೇಜಿನವರು ಒಂದು ಕ್ಯಾಮೆರಾ ಒಂದು ದಿನದ ಮಟ್ಟಿಗೆ ಕೊಟ್ಟಿದ್ದರು. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಎಷ್ಟು ಬೈಕು, ಎಷ್ಟು ಆಟೋ, ಎಷ್ಟು ಟ್ರ್ಯಾಕ್ಟರ್ ಹೋಗ್ತಾವ ಅಂತ ಕೈಯಿಂದಾನೂ ಎಣಿಸಬೇಕು. ಹನ್ನೊಂದಕ್ಕ ಆಕಿಗೆ ಕಲಿಸೋ ಸರ್ ಸ್ವತಃ ಬಂದು ನೋಡ್ತಾರ. ಎಣಿಕಿ ಅವರಿಗೆ ಒಪ್ಪಿಗೆ ಆದ್ರ ಮುಂದಿನ ಕೆಲಸ. ಇಲ್ಲಾಂದ್ರ ಅಲ್ಲಿಗೇ ನಿಂತಂಗ.

ಹಿಂದಿನ ದಿನ ಆಕಿ ಗೆಳತಿಗೆ ಜ್ವರ ಬಂತು. ಎಣಿಸಾಕ ಜೋಡಿ ಇಲ್ಲ ಅಂತ ಹುಡುಗಿ ಮುಖ ಸಣ್ಣದು ಮಾಡಿ ಕುಂತಳು.

"ನಾ ಅದೀನಲ್ಲ," ಅಂದೆ.

ನನ್ನ ಹೆಂಡತಿ ಹನುಮವ್ವ ರೊಟ್ಟಿ ಬಡಿಯೋದು ನಿಲ್ಲಿಸಿದಳು. "ಅವ್ವಾ ರೇಣಿ, ಬೇಕಂದ್ರ ನಾ ಬರ್ತೀನಿ. ಈ ಮನುಷ್ಯ ಸುಮ್ಮನ ಕುಂದ್ರೋ ಕೆಲಸ ಒಂದೂ ಮಾಡಿಲ್ಲ."

"ನಿನಗ ಎಣಿಕಿ ಬರ್ತದೇನು?" ಅಂದೆ. ಹಿಟ್ಟಿಗೆ ಎರಡು ಏಟು ಜಾಸ್ತಿ ಬಿದ್ದವು.

ಮರುದಿನ ಸಿಂಧನೂರಿನಿಂದ ಬರೋ ರಸ್ತೆ ಬದಿಗೆ, ಒಂದು ಅಂಗಡಿ ಮುಂದ, ನನಗ ಕುರ್ಚಿ ಹಾಕಿಕೊಟ್ಟಳು. ಅಂಗಡಿ ಮಾಳಗಿ ಮ್ಯಾಲೆ ಕ್ಯಾಮೆರಾ. ಕೈಯಾಗ ಒಂದು ಹಾಳಿ. ನನಗ ತಿಳೀಲಿ ಅಂತ ಬೈಕು, ಆಟೋ, ಬಸ್ಸು, ಲಾರಿ, ಟ್ರ್ಯಾಕ್ಟರಿನ ಚಿತ್ರ ಬರೆದಿದ್ದಳು. ಗಾಡಿ ಹೋದಂಗ ಚಿತ್ರದ ಮುಂದ ಒಂದು ಗೆರೆ ಎಳೀಬೇಕು. ಅಷ್ಟೇ.

"ತಾತ, ಒಂದು ಮಾತು ನೆನಪಿಡು. ರಸ್ತೆಗೆ ಇಳಿಬ್ಯಾಡ. ಯಾರನ್ನೂ ನಿಂದ್ರಿಸಬ್ಯಾಡ. ಗಾಡಿ ಹೆಂಗ ಹೋಗ್ತಾವೋ ಹಂಗ ಹೋಗಬೇಕು. ನಾವು ಬರೇ ನೋಡಬೇಕು."

"ಆತವ್ವ," ಅಂದೆ. ಆಕಿ ಲಿಂಗಸುಗೂರು ಕಡೆಯ ರಸ್ತೆ ಎಣಿಸಾಕ ಊರಿನ ಆ ತುದಿಗೆ ಹೋದಳು.

ಒಂದು ತಾಸು ನನ್ನಂಥ ಸಂಶೋಧಕ ಇರಲಿಲ್ಲ. ಆಮೇಲೆ ಸಂತಿ ಏರಿತು. ಬೈಕುಗಳು ಬಸ್ಸಿನ ಎಡಕ್ಕೂ ಬಂದವು, ಬಲಕ್ಕೂ ಬಂದವು, ಎರಡು ಆಟೋದ ನಡುವಿನಿಂದಲೂ ನುಸುಳಿದವು. ಒಂದು ಬೈಕಿನವ ಹಿಂದಕ್ಕ ತಿರುಗಿ ಬಂದು, ಚೀಲ ಬಿದ್ದಿತ್ತಂತ, ಎತ್ತಿಕೊಂಡು ಮತ್ತೆ ಹೋದ. ಅವನು ಒಂದೋ, ಎರಡೋ, ಮೂರೋ? ಈ ವಿಚಾರ ಮಾಡುವಷ್ಟರಾಗ ಹತ್ತು ಗಾಡಿ ದಾಟಿದವು.

ನನ್ನ ಗೆರೆ ತಪ್ಪಿದರೆ ಹುಡುಗಿಯ ಓದು ತಪ್ಪಿದಂಗ. ಹನ್ನೊಂದಕ್ಕ ಸರ್ ಬರ್ತಾರ. ಇದಕ್ಕಿಂತ ತೋಳ ಬಂದಿದ್ದರೆ ಧೈರ್ಯ ಇರ್ತಿತ್ತು.

ಆಗ ದೇವರು ಬುದ್ಧಿ ಕೊಟ್ಟ. ಈಗ ನೋಡಿದರೆ ಅದು ದೇವರು ಕೊಟ್ಟದ್ದಲ್ಲ.

ಬಯಲಾಗ ಚದುರಿದ ಕುರಿ ಯಾರು ಎಣಿಸ್ತಾರ? ಸಂಜಿಗೆ ಹಟ್ಟಿಗೆ ಹೊಡೀಬೇಕು, ಬಾಗಿಲಿನ ಬಿದಿರು ತಟ್ಟಿ ಸರಿಸಿ ಒಂದೇ ಕುರಿ ನುಗ್ಗುವಷ್ಟು ಸಂದಿ ಬಿಡಬೇಕು, ಪಕ್ಕಕ್ಕ ನಿಂತು ಒಂದೊಂದೇ ಎಣಿಸಬೇಕು. ನಲವತ್ತು ವರ್ಷದಾಗ ಒಂದು ಮರಿ ಲೆಕ್ಕ ತಪ್ಪಿಲ್ಲ. ಹಂಗಾದ್ರ ಇಲ್ಲಿ ಕಡಿಮಿ ಆಗಿರೋದು ಹಟ್ಟಿ ಬಾಗಿಲ.

ಪಕ್ಕದಾಗ ಬಾಳೆಹಣ್ಣಿನ ಬಂಡಿ ಖಾಜಾಸಾಬ ನಿಂತಿದ್ದ. "ತಮ್ಮಾ, ಬಂಡಿ ಎರಡು ಹೆಜ್ಜಿ ಮುಂದಕ್ಕ ತಗೋ. ಸರ್ಕಾರಿ ಓದಿನ ಕೆಲಸ ಐತಿ." ಅವನು ತಗೊಂಡ. ರಸ್ತೆಯ ಆಚಿ ಬದಿಗೆ ನಾನು ಮೂರು ಕಲ್ಲು ಇಟ್ಟು ಬಂದೆ. ಇಟ್ಟದ್ದು ಕಲ್ಲು. ರಸ್ತೆಗೆ ಇಳಿದದ್ದು ಬಂಡಿ. ನಾನು ಯಾರನ್ನೂ ನಿಂದ್ರಿಸಲಿಲ್ಲ. ಮೊಮ್ಮಗಳ ಮಾತು ಒಂದೂ ಮೀರಲಿಲ್ಲ ಅಂತ ಆ ಹೊತ್ತಿಗೆ ನನ್ನ ಮನಸ್ಸಿಗೆ ಪೂರ್ತಿ ಸಮಾಧಾನ ಇತ್ತು.

ಎಣಿಕಿ ಬೆಣ್ಣಿಯಂಗ ನಡೀತು. ಒಂದು ಬೈಕು, ಒಂದು ಗೆರೆ. ಒಂದು ಆಟೋ, ಒಂದು ಗೆರೆ. ನಿಧಾನ ಆದ ಗಾಡಿಯವರು ಹಣ್ಣು ಕೊಳ್ಳಾಕ ಶುರು ಮಾಡಿದರು. ಖಾಜಾಸಾಬನಿಗೂ ಸಂಶೋಧನೆ ಮ್ಯಾಲೆ ಪ್ರೀತಿ ಹುಟ್ಟಿ, ಕೇಳದಿದ್ದರೂ ಬಂಡಿ ಇನ್ನೊಂದು ಹೆಜ್ಜಿ ಮುಂದಕ್ಕ ತಗೊಂಡ.

ಅಷ್ಟೊತ್ತಿಗೆ ಬಳಗಾನೂರು ಕಡೆಯ ಭತ್ತದ ಟ್ರ್ಯಾಕ್ಟರ್ ಬಂತು. ಟ್ರಾಲಿ ತುಂಬ ಚೀಲ. ಸಂದಿಯಾಗ ಅದು ಹಿಡಿಸಲಿಲ್ಲ. ಹಿಂದ ಬಸ್ಸು, ಅದರ ಹಿಂದ ಲಾರಿ, ಅದರ ಹಿಂದ ನನ್ನ ಕಣ್ಣು ಮುಟ್ಟುವಷ್ಟು ದೂರ ಬರೇ ಗಾಡಿ. ಹಾರನ್ನುಗಳು ಕಿವಿ ಹರಿದವು.

ಟ್ರ್ಯಾಕ್ಟರಿನವ ಬಗ್ಗಿ ಕೇಳಿದ, "ಏನ್ ತಾತ, ಟೋಲ್ ಹಾಕಿಯೇನು?"

"ಎಣಿಸಾಕತ್ತೀವಪ್ಪ. ಸಂಶೋಧನೆ ನಡದೈತಿ."

"ಎಣಿಸಿ ಏನ್ ಮಾಡ್ತಿ?"

"ಗಾಡಿ ಯಾಕ ನಿಂದರ್ತಾವ ಅಂತ ಕಂಡು ಹಿಡಿತೀವಿ."

ಅವನು ಬಂಡಿ ನೋಡಿದ, ಕಲ್ಲು ನೋಡಿದ, ನನ್ನ ನೋಡಿದ. "ಸಿಕ್ತೇನು?" ಅಂದ.

ಬಸ್ಸಿನಿಂದ ಕನ್ನಡಕದ ಒಬ್ಬರು ಇಳಿದು, ಬ್ಯಾಗು ಹೊತ್ತು, ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು. "ಯಜಮಾನ್ರೇ, ಇಲ್ಲಿ ದಿನಾ ಹಿಂಗ ಇರ್ತದೇನು?"

"ಇಲ್ರಿ ಸಾಹೇಬ್ರ," ಅಂದೆ ಎದೆ ಉಬ್ಬಿಸಿ. "ದಿನಾ ಎಲ್ಲಿ ಬರಬೇಕ್ರಿ ಇದು. ಇವತ್ತು ನಾವು ಬಂದೋಬಸ್ತ್ ಮಾಡೀವಿ. ನನ್ನ ಮೊಮ್ಮಗಳ ಸಂಶೋಧನೆ ಐತ್ರಿ. ಹನ್ನೊಂದಕ್ಕ ಆಕಿ ಸರ್ ಬರವರದಾರ."

ಅವರು ಗಡಿಯಾರ ನೋಡಿಕೊಂಡರು. ಹನ್ನೊಂದೂವರೆ.

ಆಗ ರೇಣುಕಾ ಓಡಿ ಬಂದಳು. ಸಿಂಧನೂರು ಕಡೆಯಿಂದ ಒಂದು ಗಾಡಿಯೂ ಬರಲಿಲ್ಲಂತ ಗಾಬರಿಯಾಗಿ ಬಂದಿದ್ದಳು. "ಸರ್," ಅಂದಳು ಅವರನ್ನು ನೋಡಿ. ಆಮೇಲೆ ಬಂಡಿ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು. ಸುಮ್ಮನ ಹೋಗಿ ಕಲ್ಲು ಎತ್ತಾಕ ಕುಂತಳು.

ನಾನು ಸರ್ ಮುಂದ ಹೋಗಿ ಕೈ ಮುಗಿದೆ. "ತಪ್ಪು ನಂದ್ರಿ, ಕೂಸಿಂದಲ್ಲ. ಆಕಿ ಬ್ಯಾಡ ಅಂದಿದ್ದಳು. ಆಕಿ ಓದು ನಿಂದ್ರಿಸಬ್ಯಾಡ್ರಿ," ಅಂದೆ. ಮಾತು ಮುಗಿಯುವ ಮೊದಲೇ ಕಣ್ಣಾಗ ನೀರು.

ಸರ್ ಹಟ್ಟಿ ಬಾಗಿಲದ ಕಥಿ ಪೂರ್ತಿ ಕೇಳಿದರು. "ಸಂದಿ ಭಾಳ ಸಣ್ಣದಾದ್ರ ಕುರಿ ಏನ್ ಮಾಡ್ತಾವ?"

"ಹಿಂದಿನವು ನುಗ್ಗಿ ಮರಿ ತುಳಿತಾವ್ರಿ. ಆಗ ತಟ್ಟಿ ಅಗಲ ಮಾಡ್ತೀವಿ."

"ಇದು ನಿಮಗ ಗೊತ್ತಿತ್ತು."

"ಕುರಿದು ಗೊತ್ತಿತ್ರಿ. ಗಾಡಿದು ಗೊತ್ತಿರಲಿಲ್ಲ."

ಅವರು ನಗು ತಡಕೊಂಡು ರೇಣುಕಾಳ ಕಡೆ ತಿರುಗಿದರು. "ಇವತ್ತಿನದು ನಡೆಯಂಗಿಲ್ಲಮ್ಮ. ಕ್ಯಾಮೆರಾಕ್ಕ ನಾನು ಇನ್ನೊಂದು ದಿನ ಕೇಳ್ತೀನಿ. ಮುಂದಿನ ಸಂತಿ ದಿನ ಮತ್ತೆ ಎಣಿಸು. ಇವತ್ತು ಏನಾಯ್ತು ಅನ್ನೋದು ಮಾತ್ರ ಹಾಳ್ಯಾಗ ಇದ್ದದ್ದು ಇದ್ದಂಗ ಬರಿ."

ಮುಂದಿನ ವಾರ ಎಣಿಸಾಕ ಹನುಮವ್ವ ಹೋದಳು. ಅಕ್ಷರ ಒಂದೂ ಬಾರದ ಹನುಮವ್ವ. ಕುರ್ಚಿಯಿಂದ ಏಳಲಿಲ್ಲಂತ, ಕ್ಯಾಮೆರಾದ ಲೆಕ್ಕಕ್ಕೂ ಆಕಿ ಗೆರೆಗೂ ಹೊಂದಿತಂತ. ಸರ್ ಒಪ್ಪಿದರು. ರೇಣುಕಾಳ ಕೆಲಸ ಮುಂದುವರೀತು. ಆ ಸುದ್ದಿ ಕೇಳಿ ನಾನು ಓಣಿ ತುಂಬ ಸಕ್ಕರಿ ಹಂಚಿದೆ.

ಮೊದಲ ದಿನದ ಹಾಳಿ ಏನಾಯ್ತು ಅಂತ ಕೇಳಿದೆ. ಅದೂ ಸಂಶೋಧನೆದಾಗೇ ಇರ್ತದಂತ. ಅಡಚಣೆ ಅನ್ನೋ ಸಾಲಿನಾಗ ಬರೆದದ್ದು ಓದಿ ಹೇಳಿದಳು: "ಹಣ್ಣಿನ ಬಂಡಿ ಒಂದು, ಕಲ್ಲು ಮೂರು, ವೃದ್ಧ ಒಬ್ಬ."

"ಹೆಸರಾದ್ರೂ ಹಾಕವ್ವ," ಅಂದೆ.

"ಅಡಚಣೆಗೆ ಹೆಸರು ಹಾಕಂಗಿಲ್ಲ ತಾತ."

ಈಗ ಕಟ್ಟಿ ಮ್ಯಾಲೆ ಕುಂತು, ಮೊಮ್ಮಗಳ ಸಂಶೋಧನೆದಾಗ ನಾನೂ ಅದೀನಿ ಅಂತ ಎಲ್ಲರಿಗೂ ಹೇಳಾಕತ್ತೀನಿ. ಯಾವ ಸಾಲಿನಾಗ ಅಂತ ಯಾರಾದ್ರೂ ಕೇಳಿದರೆ, ಮನಿಯಾಗ ಕೆಲಸ ಐತಿ ಅಂತ ಎದ್ದು ಬರ್ತೀನಿ.