ರವಿವಾರ ಪೇಟೆಯ ರಾಕ್ ಅತ್ಯಾ

ನಮ್ಮ ಅತ್ಯಾ ಬೆಳಗಾವಿಯ ಮೊಟ್ಟಮೊದಲ ರಾಕ್ ಗಾಯಕಿ. ಈ ಮಾತನ್ನು ಹೇಳಿದ್ದು ಅವಳೇ. ಎರಡನೆಯವಳು ಬಂದ ಸುದ್ದಿ ನನಗಿನ್ನೂ ಮುಟ್ಟಿಲ್ಲ, ಹೀಗಾಗಿ ಕೊನೆಯವಳೂ ಅವಳೇ ಆಗಿದ್ದರೆ ಆಶ್ಚರ್ಯವಿಲ್ಲ. ಅತ್ಯಾ ಎಂದರೆ ನನ್ನಪ್ಪನ ತಂಗಿ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಅವಳ ಕ್ಯಾಸೆಟ್ ಹುಡುಕಿಕೊಂಡು ಹೋಗುತ್ತೀರಿ, ಸಿಗುವುದಿಲ್ಲ, ಆಮೇಲೆ ನನ್ನನ್ನು ಸುಳ್ಳಿ ಎನ್ನುತ್ತೀರಿ. ಅಥವಾ ಸಿಗುತ್ತದೆ, ಕೇಳುತ್ತೀರಿ. ಆಗ ಏನೆನ್ನುತ್ತೀರೋ ಅದನ್ನು ಊಹಿಸುವ ಧೈರ್ಯ ನನಗಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಅತ್ಯಾನ ಕತೆ ಹೇಳುವವರಿಗಿಂತ ಕತೆಗಳೇ ಹೆಚ್ಚು. ನನ್ನೊಬ್ಬಳ ಹತ್ತಿರವೇ ಎರಡೆರಡು ಇವೆ, ಅವೂ ಒಂದಕ್ಕೊಂದು ಹೊಂದುವುದಿಲ್ಲ. ಹೊಂದಿಸುವ ಕೆಲಸ ನಾನು ಮಾಡುವುದಿಲ್ಲ. ಇಸ್ತ್ರಿ ಮಾಡಿ ಮಡಚಿಟ್ಟಂಥ ನೆನಪು ಕಂಡರೆ, ಮಡಿಕೆಯೊಳಗೆ ಯಾರೋ ಏನನ್ನೋ ಮುಚ್ಚಿಟ್ಟಿದ್ದಾರೆ ಎಂದೇ ನನಗೆ ಅನುಮಾನ.

ಅಜ್ಜನದು ರವಿವಾರ ಪೇಟೆಯಲ್ಲಿ ಒಣಮೆಣಸಿನಕಾಯಿಯ ಸಗಟು ಅಂಗಡಿ, ಅದರ ಹಿಂದೆ ಗೋದಾಮು. ಎರಡು ಸಾವಿರದ ಇಸವಿಯ ಆಚೀಚೆ ಅತ್ಯಾ ಆ ಗೋದಾಮಿನಲ್ಲೇ ಗಿಟಾರ್ ಹಿಡಿದು ಕೂರುತ್ತಿದ್ದಳು. ಮಹಾಂತೇಶ ನಗರದ ಮನೆಯಲ್ಲಿ ಕೂತರೆ ಪಕ್ಕದ ಮನೆಯವರು ಕುಕ್ಕರಿನ ಮುಚ್ಚಳ ಬಡಿದು ಪ್ರತ್ಯುತ್ತರ ಕೊಡುತ್ತಿದ್ದರು. ಮೆಣಸಿನಕಾಯಿಯ ಘಾಟಿನಲ್ಲಿ ವರ್ಷಗಟ್ಟಲೆ ಹಾಡಿ ಹಾಡಿ ಅವಳ ದನಿ ಸೀಳಿದ ಬಿದಿರಿನಂತಾಗಿತ್ತು. ಒಮ್ಮೆ ಹುಬ್ಬಳ್ಳಿಯಿಂದ ಬಂದ ಸಂಗೀತಪ್ರೇಮಿಯೊಬ್ಬರು ಅವಳ ಹಾಡು ಕೇಳಿ, "ಇಂಥಾ ದನಿ ಬರಬೇಕಂದ್ರ ಎಷ್ಟ ದುಃಖ ನುಂಗಿರಬೇಕ್ರಿ ಈ ಹೆಣ್ಣಮಗಳು" ಎಂದು ಕಣ್ಣೊರೆಸಿಕೊಂಡರು. ಪಾಪ, ಅವರು ನಿಂತಿದ್ದು ಗೋದಾಮಿನ ಬಾಗಿಲಲ್ಲಿ. ಅಲ್ಲಿ ನಿಂತರೆ ಪೋಸ್ಟಮನ್ನನೂ ಅಳುತ್ತಿದ್ದ.

ಅತ್ಯಾನಿಗೆ ಒಂದೇ ಒಂದು ನೇಮ. ತಾನು ಬರೆದ ಹಾಡನ್ನೇ ಹಾಡುವುದು, ಬರೆದದ್ದನ್ನು ಬರೆದ ಹಾಗೆಯೇ ಹಾಡುವುದು. ಊಟ ಬಿಟ್ಟಾಳು, ಒಂದು ಶಬ್ದ ಬಿಡಲಾರಳು. ಅವಳ ಬ್ಯಾಂಡುಗಳೆಲ್ಲ ಮುರಿದದ್ದಕ್ಕೆ ಈ ನೇಮವೇ ಕಾರಣ ಎಂದು ಅಪ್ಪ ಹೇಳುತ್ತಾರೆ. ಬ್ಯಾಂಡುಗಳೆಲ್ಲ ಹುಟ್ಟಿದ್ದೂ ಅದರಿಂದಲೇ ಎಂದು ನಾನು ಹೇಳುತ್ತೇನೆ. ನಮ್ಮಿಬ್ಬರಿಗೂ ಇಂದಿಗೂ ಜಗಳವಿದೆ.

ಮೊದಲ ಬ್ಯಾಂಡಿನ ಹೆಸರು 'ಘಾಟು'. ಕಾಲೇಜಿನ ಇಬ್ಬರು ಗೆಳತಿಯರು ಜೊತೆಗಿದ್ದರು. ಒಬ್ಬಳು ಕೀಬೋರ್ಡ್, ಇನ್ನೊಬ್ಬಳು ಬೊಂಗೋ. ಗೋದಾಮಿನಲ್ಲಿ ತಾಲೀಮು ನಡೆದರೆ ಕೀಬೋರ್ಡಿನವಳು ಸೀನುತ್ತಿದ್ದಳು. ಬರಬರುತ್ತ ತಾಳಕ್ಕೆ ಸರಿಯಾಗಿ ಸೀನುವುದನ್ನು ಕಲಿತಳು. ಆದರೂ ಆ ಬ್ಯಾಂಡು ಒಂದು ಗಣಪತಿ ಹಬ್ಬ ದಾಟಲಿಲ್ಲ. ಎರಡು ಹಾಡು ಮುಗಿದಿದ್ದವು, ಅಷ್ಟರಲ್ಲಿ ಮಂಡಳದ ಅಧ್ಯಕ್ಷರು ವೇದಿಕೆಯ ಬುಡಕ್ಕೆ ಬಂದರು.

"ಅಕ್ಕಾರ, ನಿಮ್ಮ ಹಾಡ ಆದವು. ಈಗ ಒಂದ ಪಿಚ್ಚರ್ ಹಾಡ ಆಗ್ಲಿ."

"ನಿಮ್ಮ ಮನಿಗೆ ಉಣ್ಣಾಕ ಬಂದವರಿಗೆ ಬಾಜೂ ಮನಿ ಅಡಗಿ ತಂದ ಬಡಸ್ತೀರೇನ್ರಿ?"

"ನಮ್ಮ ಮನ್ಯಾಗ ಅಡಗಿ ಕೆಟ್ಟಿತ್ತಂದ್ರ ಬಡಸ್ತೀವ್ರಿ."

ಜನ ಚಪ್ಪಾಳೆ ತಟ್ಟಿದ್ದು ಅಧ್ಯಕ್ಷರಿಗೆ. ಅತ್ಯಾ ಗಿಟಾರನ್ನು ಚೀಲಕ್ಕೆ ಹಾಕಿ ಇಳಿದುಬಂದಳು. ಗೆಳತಿಯರಿಬ್ಬರೂ ಇಳಿಯಲಿಲ್ಲ, ಅಲ್ಲೇ ನಿಂತು ಪಿಚ್ಚರ್ ಹಾಡು ನುಡಿಸಿದರು. 'ಘಾಟು' ಅಲ್ಲಿಗೆ ಇಳಿಯಿತು.

ಎರಡನೆಯದು 'ಮೂರನೇ ಗೇಟ್'. ಡ್ರಮ್ಮಿನ ಹುಡುಗನ ಮನೆ ರೈಲ್ವೆಯ ಮೂರನೇ ಗೇಟಿನಾಚೆ ಇತ್ತು. ಅವನು ಮನೆ ಬಿಟ್ಟ ಕೂಡಲೇ ಗೇಟು ಬೀಳುತ್ತಿತ್ತು. ಗೇಟಿಗೂ ಅವನಿಗೂ ಯಾವ ಜನ್ಮದ ನಂಟೋ! ಅತ್ಯಾ ಕಾಯುವವಳಲ್ಲ, ಡ್ರಮ್ಮಿಲ್ಲದೆಯೇ ಶುರು ಮಾಡುತ್ತಿದ್ದಳು. ಹಾಡಿನ ನಡುವೆ ಅವನು ಏದುಸಿರು ಬಿಡುತ್ತ ಓಡಿಬಂದು, ಸಿಕ್ಕ ಜಾಗದಿಂದ ಧಡಧಡ ಬಾರಿಸತೊಡಗಿದರೆ ಜನ ಹುಚ್ಚೆದ್ದು ಕೂಗುತ್ತಿದ್ದರು. ಮೊದಲು ಮೌನ, ಆಮೇಲೆ ಸಿಡಿಲು, ಏನು ಸಂಯೋಜನೆ ಎಂದು ಒಬ್ಬ ಪ್ರಾಧ್ಯಾಪಕರು ಹೊಗಳಿದ್ದೂ ಉಂಟು. ಒಂದು ದಿನ ಅವನು ವೇಳೆಗೆ ಸರಿಯಾಗಿ ಬಂದ. ಕಾರ್ಯಕ್ರಮ ಕೆಟ್ಟುಹೋಯಿತು. ಮುಂದೆ ಅವನು ಮದುವೆ ಮೆರವಣಿಗೆಯ ಬ್ಯಾಂಡಿಗೆ ಸೇರಿದ. ಅಲ್ಲಿ ಮದುಮಗನೇ ತಡವಾಗಿ ಬರುತ್ತಾನೆ, ಡ್ರಮ್ಮಿನವನನ್ನು ಯಾರು ಕೇಳುತ್ತಾರೆ?

ಎರಡು ಬ್ಯಾಂಡುಗಳ ನಡುವಿನ ಖಾಲಿ ಕಾಲದಲ್ಲಿ ಅತ್ಯಾ ತನ್ನ ಹಾಡುಗಳ ಕ್ಯಾಸೆಟ್ ಹೊರತಂದಳು. ಯಾವ ಕಂಪನಿಯೂ ಮುಟ್ಟಲಿಲ್ಲವಾದ್ದರಿಂದ ಗೋದಾಮಿನಲ್ಲೇ ಟೇಪ್ ರೆಕಾರ್ಡರ್ ಇಟ್ಟು ಹಾಡಿದಳು. ಹೊಸ ಕ್ಯಾಸೆಟ್ ಯಾಕೆ ಎಂದು ಅಜ್ಜನ ಹಳೆಯ ಪ್ರವಚನದ ಕ್ಯಾಸೆಟ್ಟುಗಳ ಮೇಲೆಯೇ ತುಂಬಿಸಿದಳು. ಹಾಡುಗಳು ಚಿಕ್ಕವು, ಪ್ರವಚನ ದೊಡ್ಡದು. ಹೀಗಾಗಿ ಪ್ರತಿ ಬದಿಯಲ್ಲೂ ಅವಳ ಗಿಟಾರು ಕೊನೆಯ ಸಲ ಕಿರುಚಿ ನಿಂತ ಕೂಡಲೇ ಹಿರಿಯರೊಬ್ಬರು ಶಾಂತವಾಗಿ, "ಹಂಗಂತ ತಿಳಕೊಂಡು ಸುಮ್ಮ ಕುಂದರಬ್ಯಾಡ್ರಿ" ಎನ್ನುತ್ತಿದ್ದರು. ಅಂಗಡಿಯ ಗಿರಾಕಿಗಳು ಆ ಕ್ಯಾಸೆಟ್ಟನ್ನು ಮೆಚ್ಚಿಕೊಂಡರು. ಒಬ್ಬರು ಮತ್ತೆ ಬಂದು ಅಜ್ಜನನ್ನು ಕೇಳಿದರು: "ಪ್ರವಚನ ಭಾಳ ಛಲೋ ಐತ್ರಿ. ಮೊದಲಿಗೆ ಆ ಹೆಣ್ಣಮಗಳ ಗದ್ದಲ ಇರಲಾರದ್ದು ಒಂದ ಇದ್ರ ಕೊಡ್ರಿ."

ಅಜ್ಜ ಮಗಳ ಹಾಡಿನ ಬಗ್ಗೆ ಆಡುತ್ತಿದ್ದದ್ದು ಒಂದೇ ಮಾತು, "ಅದನ್ನ ಬಿಡು." ಊಟಕ್ಕೆ ಕೂತಾಗ ಹೇಳುತ್ತಿದ್ದರು, ಎದ್ದಾಗಲೂ ಹೇಳುತ್ತಿದ್ದರು.

ಮೂರನೇ ಬ್ಯಾಂಡು ಹುಟ್ಟಿದ್ದು ಖಾನಾಪುರದಲ್ಲಿ. ಅಲ್ಲಿ ಲೌಡ್‌ಸ್ಪೀಕರ್ ಬಾಡಿಗೆಗೆ ಕೊಡುವ ಅಣ್ಣತಮ್ಮಂದಿರಿದ್ದರು, ಇಬ್ಬರೂ ಚೂರುಪಾರು ಡ್ರಮ್ಮು, ಗಿಟಾರು ನುಡಿಸುತ್ತಿದ್ದರು. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ಜಗಳದಲ್ಲಿ ಎರಡೂ. ಅಲ್ಲಿ ಲೌಡ್‌ಸ್ಪೀಕರನ್ನು ಭೋಂಗಾ ಎನ್ನುತ್ತಾರೆ, ಬ್ಯಾಂಡಿಗೂ ಅದೇ ಹೆಸರಾಯಿತು. ಒಮ್ಮೆ ಕಣಕುಂಬಿಯ ಗುಡಿಯ ಅಂಗಳದಲ್ಲಿ ಭಜನೆ ಇತ್ತು. ಭೋಂಗಾ ಕಟ್ಟಲು ನಾವೆಲ್ಲ ಹೋಗಿದ್ದೆವು. ಭಜನೆಯವರ ಜೀಪು ಕಾಡಿನ ರಸ್ತೆಯಲ್ಲಿ ಕೆಟ್ಟು ನಿಂತಿತು. ಕೂತ ಜನರನ್ನು ಏನು ಮಾಡುವುದು? ಅಣ್ಣತಮ್ಮಂದಿರಲ್ಲಿ ಅಣ್ಣ ಮುಂದೆ ಬಂದು, "ನಮ್ಮ ಬಾಯಿ ಹಾಡ್ತಾರ್ರಿ" ಎಂದುಬಿಟ್ಟ. ಬಾಯಿ ಎಂದರೆ ಅವರ ಮರಾಠಿಯಲ್ಲಿ ಅಕ್ಕಾವರು, ಅಂದರೆ ನಮ್ಮ ಅತ್ಯಾ.

ಭಜನೆಗೆ ಕೂತವರ ರೂಢಿ ನಿಮಗೆ ಗೊತ್ತಲ್ಲ. ಮುಂದಿನವರು ಒಂದು ಸಾಲು ಹೇಳಿದರೆ ಉಳಿದವರು ತಾಳ ಹಾಕುತ್ತ ಅದನ್ನೇ ತಿರುಗಿ ಹೇಳಬೇಕು. ಅತ್ಯಾ ಮೈಕಿನೆದುರು ನಿಂತು, "ಚೆಕ್, ಚೆಕ್, ಒನ್ ಟೂ ಥ್ರೀ" ಎಂದಳು. ಅಂಗಳಕ್ಕೆ ಅಂಗಳವೇ ತಾಳ ಬಡಿಯುತ್ತ, "ಚೆಕ್, ಚೆಕ್, ಒನ್ ಟೂ ಥ್ರೀ" ಎಂದಿತು. ಅತ್ಯಾ ಗಾಬರಿಯಾಗಿ ಅಣ್ಣನ ಕಡೆ ತಿರುಗಿ, "ಏ ದಾದಾ, ಆವಾಜ್ ಕಮ್ಮಿ ಮಾಡೋ" ಎಂದಳು. ಅದನ್ನೂ ಹಾಡಿದರು, ರಾಗವಾಗಿ. ಕೊನೆಯ ಹಾಡಿನಲ್ಲಿ ಅವಳದೊಂದು ಉದ್ದನೆಯ ಚೀತ್ಕಾರವಿದೆ. ಮುದುಕರು, ಮುದುಕಿಯರು, ಕಂಕುಳ ಕೂಸುಗಳು ಸೇರಿ ಊರೇ ಚೀರಿತು. ಕಾಡಿನಿಂದ ನವಿಲೊಂದು ಉತ್ತರ ಕೊಟ್ಟಿತು ಎಂದು ಆ ಅಣ್ಣತಮ್ಮಂದಿರಲ್ಲಿ ಚಿಕ್ಕವನು ಹೇಳುತ್ತಾನೆ. ನವಿಲಿನ ಜವಾಬ್ದಾರಿ ನನ್ನದಲ್ಲ.

ಮುಗಿದ ಮೇಲೆ ಒಬ್ಬ ಹಿರಿಯರು ಅವಳ ಕೈಗೆ ತೆಂಗಿನಕಾಯಿ ಕೊಟ್ಟರು. "ಭಜನಿ ಛಲೋ ಆತ್ರಿ ಬಾಯಾರ. ದೇವರ ಹೆಸರ ಎಲ್ಲೂ ಬರಲಿಲ್ಲ ಖರೇ, ಆದ್ರೂ ಛಲೋ ಆತು."

ಅಣ್ಣತಮ್ಮಂದಿರಿಗೆ ಸ್ವರ್ಗವೇ ಕಂಡಿತು. "ಬಾಯಿ, ಎರಡ ಕಡೆ ದೇವರ ಹೆಸರ ಹಾಕ್ರಿ. ವರ್ಷಪೂರ್ತಿ ಕರೀತಾರ" ಎಂದು ಗಂಟುಬಿದ್ದರು.

"ದೇವರ ಬಂದು ತನ್ನ ಹೆಸರ ಹಾಕ ಅಂದ್ರೂ ನಾ ಹಾಕಾಂಗಿಲ್ಲ. ಆಂವಾ ಬೇಕಾದ್ರ ತನ್ನ ಹಾಡ ತಾನ ಬರಕೊಳ್ಳಲಿ" ಎಂದಳು ಅತ್ಯಾ. 'ಭೋಂಗಾ' ಮೌನವಾಯಿತು.

ಇಷ್ಟರ ನಡುವೆ ಮನೆಗೆ ಅವಳನ್ನು ನೋಡಲು ಗಂಡಿನ ಕಡೆಯವರು ಬಂದುಹೋಗುತ್ತಲೇ ಇದ್ದರು. ಶಿರಾ ತಿಂದು, ಚಹಾ ಕುಡಿದು, ಕೊನೆಗೆ ಒಬ್ಬರು ಕೇಳಿಯೇ ಕೇಳುತ್ತಿದ್ದರು, "ಹಾಡ ಬರ್ತಾವೇನವಾ?" ಆ ಪ್ರಶ್ನೆ ಬಿದ್ದ ಕೂಡಲೇ ನಮ್ಮ ಆಯಿ, ಅಂದರೆ ನನ್ನ ಅಜ್ಜಿ, ಅಡಿಗೆಮನೆಯ ಕಿಟಕಿ ಮುಚ್ಚುತ್ತಿದ್ದಳು. ಅತ್ಯಾ ಗಿಟಾರ್ ತರುತ್ತಿದ್ದಳು. ಬಂದವರು ಎಲೆಅಡಿಕೆಯನ್ನೂ ಮುಟ್ಟದೆ ಏಳುತ್ತಿದ್ದರು.

ಖಾನಾಪುರದಿಂದ ವರನಾಗಿ ಬಂದ ದನದ ಡಾಕ್ಟರ್ ಮಾತ್ರ ಏಳಲಿಲ್ಲ. ಅವಳು ಹಾಡಿ ಮುಗಿಸಿದ ಮೇಲೆ ನಕ್ಕು, "ಇನ್ನೊಂದ ಹಾಡ್ರಿ" ಎಂದ. ಅವಳ ಜನ್ಮದಲ್ಲಿ ಮೊದಲ ಸಲ ಒಬ್ಬರು ಅವಳದೇ ಇನ್ನೊಂದು ಹಾಡು ಕೇಳಿದ್ದರು. ಅತ್ಯಾ ಸರಿಯಾಗಿಯೇ ಇದ್ದ ತಂತಿಗಳನ್ನು ಮತ್ತೆ ಮತ್ತೆ ಬಿಗಿದಳು. ಅವಳಿಗೆ ಅವನು ಹಿಡಿಸಿದ್ದ. ಇದರ ಬಗ್ಗೆ ಮಾತ್ರ ನಮ್ಮ ಮನೆಯಲ್ಲಿ ಒಂದೇ ಕತೆ ಇದೆ. ಆಮೇಲೆ ಅವಳು ಹಾಡಿದ್ದು ಇದನ್ನು:

ಅಪ್ಪನ ಕೈಯಾಗ ತಕ್ಕಡಿ ಐತಿ
ಮೆಣಸಿನಕಾಯಿ ತೂಗತಾನ
ಚೀಲ ಮುಗದ ಮ್ಯಾಲ ನನ್ನ ಕರದು
ನನ್ನೂ ಅದರಾಗ ತೂಗತಾನ

ಮುಂದಿನ ವಾರ ಡಾಕ್ಟರ್ ತನ್ನ ದೊಡ್ಡಪ್ಪನ ಜೊತೆ ಬಂದ. ದೊಡ್ಡಪ್ಪ ಒಳ್ಳೆಯ ಮನುಷ್ಯರೇ. ಮದುವೆಗೆ ಒಪ್ಪಿಗೆ ಇದೆ, ಹುಡುಗಿ ಮದುವೆಯಾದ ಮೇಲೂ ಹಾಡಲಿ, ಬ್ಯಾಂಡೂ ಕಟ್ಟಲಿ ಎಂದರು. ಆಯಿ ಅಲ್ಲೇ ಕೈ ಮುಗಿದಳು. ಆಮೇಲೆ ದೊಡ್ಡಪ್ಪ ಅಜ್ಜನತ್ತ ತಿರುಗಿದರು.

"ಒಂದ ಮಾತ್ರಿ. ಆ ತಕ್ಕಡಿ ಹಾಡಿನ ಕೊನೀ ಸಾಲ ಬ್ಯಾಡ. ತಂದಿ ಮರ್ಯಾದಿ ತಗಿಯೂ ಸಾಲ ಅದು. ಇವತ್ತ ನಿಮ್ಮನ್ನ ಹಾಡ್ಯಾಳ, ನಾಳೆ ನಮ್ಮನ್ನ ಹಾಡ್ತಾಳ. ಅದೊಂದ ಬಿಟ್ಟಳಂದ್ರ ಮುಹೂರ್ತ ನೋಡೂಣು."

ಡಾಕ್ಟರ್ ನೆಲ ನೋಡುತ್ತ, "ಒಂದ ಸಾಲಲ್ಲೇನ್ರಿ" ಎಂದ. ಆಯಿ ಮಗಳ ಪಕ್ಕದಲ್ಲಿ ಕೂತು ಅವಳ ಮೊಣಕಾಲು ಹಿಡಿದಳು. "ಬಿಡ ಯವ್ವಾ. ನಾವೆಲ್ಲಾ ಎಷ್ಟೆಷ್ಟ ಬಿಟ್ಟ ಬಂದೀವಿ. ಒಂದ ಸಾಲು."

ಅತ್ಯಾ ಡಾಕ್ಟರನ್ನು ನೋಡಿದಳು, ಆಯಿಯ ಕೈ ನೋಡಿದಳು. ಆಮೇಲೆ "ಆತು" ಎಂದಳು. ಅಪ್ಪ ಒಪ್ಪುವುದಿಲ್ಲ, ನನ್ನ ತಂಗಿ ಅಂಥ ಮಾತು ಹೇಳುವವಳಲ್ಲ ಎನ್ನುತ್ತಾರೆ. ನಾನು ಕೇಳಿದ್ದೇನೆ. ಅವಳು ಹೇಳಿದಳು, ತೀರಾ ಸಣ್ಣ ದನಿಯಲ್ಲಿ. ಅವಳನ್ನು ಕಲ್ಲಿನ ಬೊಂಬೆ ಮಾಡಿ ನಿಲ್ಲಿಸಲು ನನಗೆ ಇಷ್ಟವಿಲ್ಲ.

"ಬ್ಯಾಡ" ಎಂದರು ಅಜ್ಜ.

ಎಲ್ಲರೂ ಅವರತ್ತ ತಿರುಗಿದೆವು.

"ಅದು ತಗೀಬ್ಯಾಡ. ಮ್ಯಾಲಿನ ಮೂರ ಸಾಲು ಅದಕ್ಕ ಕಾಯಕೋತ ನಿಂತಾವು. ಕೊನೀದ ಬಿಟ್ರ ಬರೇ ಮೆಣಸಿನಕಾಯಿ ಹಾಡ ಆಗತೈತಿ."

"ಯಜಮಾನ್ರ, ಅದು ನಿಮಗ ಬೈದದ್ದು" ಎಂದರು ದೊಡ್ಡಪ್ಪ.

"ನನಗ ಬೈದಾಳ. ನಿಮಗ್ಯಾಕ ಸಿಟ್ಟು?"

"ಊರ ಮಂದಿ ಏನಂದಾರು?"

"ನಾ ಆಕಿನ್ನ ತೂಗೀನಲ್ರಿ. ಆಕಿ ಖರೇನ ಬರದಾಳ."

ಅವರು ಹೋದರು. ಡಾಕ್ಟರ್ ಬಾಗಿಲ ಹತ್ತಿರ ಒಮ್ಮೆ ನಿಂತಂತೆ ಮಾಡಿದ, ನಿಲ್ಲಲಿಲ್ಲ. ಆಮೇಲೆ ಅತ್ಯಾ ಇನ್ನೂ ಬ್ಯಾಂಡುಗಳನ್ನು ಕಟ್ಟಿದಳು, ಅವೂ ಮುರಿದವು, ಮತ್ತೆ ಕಟ್ಟಿದಳು. ಗೆದ್ದಳೋ ಸೋತಳೋ ಎಂದು ಕೇಳುವವರಿಗೆ ಉತ್ತರ ಕೊಡುವ ಕೆಲಸಕ್ಕೆ ನಾನು ಸೇರಿಲ್ಲ. ನನಗೆ ಬೇಕಾದದ್ದು ಆ ಮಧ್ಯಾಹ್ನ. ಅಜ್ಜ ತಮ್ಮ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, "ಹಾಡ ನೋಡೂಣು, ಪೂರ್ತಿ" ಎಂದರು.

ಅತ್ಯಾ ಹಾಡಿದಳು. ಮೊದಲ ಸಾಲು ಬಂತು, ಎರಡನೆಯದು ಬಂತು. ಮೂರನೆಯದೂ ಬಂತು. ಬೆರಳು ತಂತಿಯ ಮೇಲೆ ಆಡುತ್ತಲೇ ಇತ್ತು, ಬಾಯಿ ತೆರೆದೇ ಇತ್ತು, ಕೊನೆಯ ಸಾಲು ಮಾತ್ರ ಹೊರಗೆ ಬರಲಿಲ್ಲ. ಅಜ್ಜ ಅಂಗಡಿಯಲ್ಲಿ ಗಿರಾಕಿಗೆ ತೂಕ ಕೂಗಿ ಹೇಳುವ ಅದೇ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ, ಆ ಸಾಲನ್ನು ತಾವೇ ಹೇಳಿದರು:

"ನನ್ನೂ ಅದರಾಗ ತೂಗತಾನ."