ನಿರಪರಾಧಿಗಳಿಗೆ ಮಾತ್ರ ಹೆಂಚು

ಲೋಕವು ನ್ಯಾಯವಾಗಿಯೇ ನಡೆಯುತ್ತಿದೆ ಎಂದು ಆನವಟ್ಟಿ ಸುತ್ತಿನ ಹೆಂಚು ಪರಿಹಾರ ಸಮಿತಿಯು ೧೯೫೮ರ ಬೇಸಿಗೆಯಲ್ಲಿ ಸರ್ವಾನುಮತದಿಂದ ತೀರ್ಮಾನಿಸಿತು. ಆದಕಾರಣ, ಗಾಳಿಗೆ ಸೂರು ಹಾರಿಹೋದವರ ಪೈಕಿ ತಪ್ಪು ಮಾಡದವರಿಗೆ ಮಾತ್ರ ಹೆಂಚು ಕೊಡತಕ್ಕದ್ದೆಂದು ನಿಯಮವಾಯಿತು. ತಪ್ಪು ಮಾಡದವರ ಸೂರು ಹಾರುವುದಿಲ್ಲವಾದ್ದರಿಂದ ದಾಸ್ತಾನು ಹಾಗೆಯೇ ಉಳಿದಿತ್ತು.

ಮೊದಲು ಬಂದವಳು ಕೂಲಿ ಮಾಡುವ ಹುಲಿಗೆಮ್ಮ. ಅವಳ ಹುಲ್ಲಿನ ಮಾಡು ಹಾರಿ ಕೆರೆಗೆ ಬಿದ್ದಿತ್ತು. ಮಳೆ ಹಿಡಿಯುವುದರೊಳಗೆ ಹೆಂಚು ಸಿಗದಿದ್ದರೆ ಮಣ್ಣಿನ ಗೋಡೆಯೂ ಕರಗಿಹೋಗುತ್ತಿತ್ತು.

ಅಧ್ಯಕ್ಷ ಗೋಪಾಲಪ್ಪನವರು ಸೌಜನ್ಯದಿಂದಲೇ ವಿಚಾರಣೆ ನಡೆಸಿದರು.

"ಹೋದ ಭೂಮಿ ಹುಣ್ಣಿಮೇಲಿ ಗದ್ದೆಗೆ ಹೋಗಿ ಬಸುರಿ ಭೂಮಿಗೆ ಉಣಿಸಿದ್ಯಾ?"

"ಗದ್ದೆ ಎಲ್ಲೈತ್ರಿ ನಂಗೆ? ಬೇರೇರ ಗದ್ದೇಲಿ ನಾಟಿ ಮಾಡ್ತೀನಿ."

"ಅಂದ್ರೆ ಉಣಿಸಿಲ್ಲ," ಎಂದು ಅವರು ಗುಮಾಸ್ತರ ಕಡೆ ತಿರುಗಿದರು. "ಬರಕೊಳ್ರಿ."

"ಭೂಮಿ ಕೊಡ್ರಿ, ಉಣಿಸ್ತೀನಿ."

"ಭೂಮಿ ಯೋಗ್ಯತೆ ಇದ್ದೋರಿಗೆ ಸಿಗ್ತದವ್ವ. ನಿಂಗೆ ಸಿಕ್ಕಿಲ್ಲ ಅಂದ್ರೆ ಅದು ಎರಡನೇ ತಪ್ಪು."

ಅದೇ ಗಾಳಿಗೆ ಗೋಪಾಲಪ್ಪನವರ ದನದ ಕೊಟ್ಟಿಗೆಯ ಮಾಡೂ ಹಾರಿತ್ತು. ಅವರಾದರೋ ಭೂಮಿಗೆ ಕಡುಬು, ಬಗೆಬಗೆಯ ಸೊಪ್ಪಿನ ಪಲ್ಯ ಉಣಿಸಿದವರು. ಸಮಿತಿಯು ಕೂಲಂಕಷವಾಗಿ ಪರಿಶೀಲಿಸಿ, ಗಾಳಿಯು ಹುಲಿಗೆಮ್ಮನ ಮನೆಗೆಂದೇ ಹೊರಟಿತ್ತೆಂದೂ ದಾರಿಯಲ್ಲಿ ಕೊಟ್ಟಿಗೆ ಅಡ್ಡ ಸಿಕ್ಕಿತೆಂದೂ ಕಂಡುಕೊಂಡಿತು. ಸುತ್ತಿನಲ್ಲಿ ದೊರೆತ ಏಕೈಕ ನಿರಪರಾಧಿಗೆ ಇಡೀ ದಾಸ್ತಾನು ಮಂಜೂರಾಯಿತು. ಎಮ್ಮೆಗಳಿಂದ ಯಾವ ಆಕ್ಷೇಪಣೆಯೂ ಬರಲಿಲ್ಲ.

ಹುಲಿಗೆಮ್ಮನ ಪಕ್ಕದ ಮನೆಯ ಲೋಕಪ್ಪನೂ ಕೂಲಿಯವನೇ, ಅವನಿಗೂ ಗದ್ದೆಯಿಲ್ಲ. ಆದರೂ ಸಮಿತಿಯ ಮುಂದೆ ಸಾಕ್ಷಿ ಹೇಳಿದ: "ಅವಳೇನೋ ಮಾಡಿರ್ತಾಳ್ರಿ. ಇಲ್ದಿದ್ರೆ ನನ್ ಮನೆ ಬಿಟ್ಟು ಅವಳ ಮನೇದೇ ಯಾಕ್ ಹಾರ್ತಿತ್ತು?" ಹಾಗೆ ಹೇಳಿ ಬಂದ ಮೇಲೆ ಅವನಿಗೆ ಒಳ್ಳೆಯ ನಿದ್ದೆ ಬಂತು. ಇದನ್ನು ಬರೆಯುತ್ತಿರುವ ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತನ್ನ ಮಾಡು ಗಟ್ಟಿಯಾಗಿದೆ ಎಂದು ನಂಬಲು ಬಡವನಿಗೆ ಬೇರೆ ದಾರಿಯೇನಿದೆ?

ಮುಂದಿನ ವಾರದ ಗಾಳಿಮಳೆ ಆ ಮಾಡನ್ನೂ ಹೊತ್ತುಕೊಂಡು ಹೋಯಿತು. ಓಣಿಯವರೆಲ್ಲ ಸೇರಿದರು. ಅರ್ಧ ಕರಗಿದ ಗೋಡೆಯ ಆಚೆಯಿಂದ, ತಲೆಯ ಮೇಲೆ ಗೋಣಿಕೊಪ್ಪೆ ಹಾಕಿಕೊಂಡು ಹುಲಿಗೆಮ್ಮನೇ ಮೊದಲು ಬಂದಳು.

"ಏನ್ ತಪ್ಪು ಮಾಡಿದ್ದೆ ಲೋಕಪ್ಪಣ್ಣ?"

ಲೋಕಪ್ಪ ತಪ್ಪು ಎಣಿಸಲು ಬೆರಳು ಮಡಚಿ, ಮತ್ತೆ ಬಿಡಿಸಿದ.

"ಏನೋ ಮಾಡಿರ್ತೀನಿ ಬಿಡಕ್ಕ," ಅಂದ.

ಎಲ್ಲರಿಗೂ ಸಮಾಧಾನವಾಯಿತು.