ನನ್ನ ಕಂಪ್ಯೂಟರಿಗೆ ವಯಸ್ಸಾಯಿತಂತೆ

ವಯಸ್ಸಾಯಿತು ಎಂಬ ಒಂದೇ ಕಾರಣಕ್ಕೆ ಏನನ್ನಾದರೂ ಎಸೆಯಿರಿ ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನೂ ಅರವತ್ತು ದಾಟಿದವನಾದ್ದರಿಂದ ಹೀಗೆ ಉರಿಯುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು. ಆದರೆ ನಮ್ಮ ತೋಟದ ರೋಬಸ್ಟಾ ಕಾಫಿ ಗಿಡಗಳನ್ನು ನೋಡಿ. ಅಜ್ಜ ನೆಟ್ಟವು. ಫಸಲು ಕಡಿಮೆಯಾಯಿತೆಂದರೆ ಮೊಣಕಾಲೆತ್ತರಕ್ಕೆ ಕಡಿದು ಬಿಡುತ್ತೇವೆ; ಚಿಗುರು ಬರುತ್ತದೆ, ಒಳ್ಳೆಯದೊಂದನ್ನು ಉಳಿಸಿಕೊಂಡರೆ ಮತ್ತೆ ಕಾಯಿ. ಯಾವ ಗಿಡವೂ ಒಂದು ಬೆಳಿಗ್ಗೆ, 'ಇನ್ನು ನನಗೆ ಗೊಬ್ಬರ ಹಾಕಬೇಡಿ, ನನ್ನ ಕಾಲ ಮುಗಿಯಿತು' ಎಂದು ನೋಟೀಸು ಕೊಟ್ಟದ್ದಿಲ್ಲ. ನಮ್ಮ ಮನೆಯ ಕಂಪ್ಯೂಟರು ಕೊಟ್ಟಿತು.

ಕಾಫಿ ಲೋಟ ಹಿಡಿದು ಅದರ ಮುಂದೆ ಕೂತಿದ್ದೆ. ತೆರೆಯ ಮೇಲೆ ಒಂದು ಚೌಕ ಮೂಡಿತು. ಈ ಕಂಪ್ಯೂಟರಿಗೆ ಇನ್ನು ಸಪೋರ್ಟ್ ಇಲ್ಲ, ಹೊಸ ಸಿಸ್ಟಂ ಹಾಕಿಸಿಕೊಳ್ಳುವ ಅರ್ಹತೆಯೂ ಇದಕ್ಕಿಲ್ಲ, ಬೇರೆ ಕೊಳ್ಳಿ ಎಂದು ಅದರ ತಾತ್ಪರ್ಯ. ಕೆಳಗೆ 'ಈಗಲೇ ಕೊಳ್ಳಿ', 'ಆಮೇಲೆ ನೆನಪಿಸಿ' ಎಂದು ಎರಡು ಗುಂಡಿಗಳು. 'ನಿಮ್ಮ ಕೆಲಸ ನೋಡಿಕೊಳ್ಳಿ' ಅನ್ನುವ ಗುಂಡಿ ಎಲ್ಲೂ ಇರಲಿಲ್ಲ. ಅಲ್ಲ, ನನ್ನ ಕಂಪ್ಯೂಟರು ನಿಧಾನ, ಒಪ್ಪುತ್ತೇನೆ. ಆನ್ ಮಾಡಿ ಸ್ನಾನಕ್ಕೆ ಹೋದರೆ ತಲೆ ಒರೆಸಿಕೊಂಡು ಬರುವ ಹೊತ್ತಿಗೆ ತೆರೆದುಕೊಂಡಿರುತ್ತದೆ. ನನಗೇ ಇಲ್ಲದ ಅವಸರ ಇವರಿಗೇಕೆ? ಆದರೆ ನೋಟೀಸು ಬಂದ ಮೇಲೆ ಅದಕ್ಕೂ ಮನಸ್ಸು ಮುರಿದಿರಬೇಕು, ಕೆಲಸದ ನಡುವೆ ತಾನಾಗಿಯೇ ಆರಿಹೋಗತೊಡಗಿತು.

ಆಗ ನನಗೆ ನಿಜವಾಗಿ ಭಯವಾಯಿತು. ಅದರೊಳಗೆ ನಮ್ಮ ಮಳೆ ಇತ್ತು. ಕೊಡಗಿನ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಇಲ್ಲಿ ಬೆಳಿಗ್ಗೆ ಎದ್ದವರು ಮೊದಲು ಅಂಗಳದ ರೈನ್ ಗೇಜಿನ ನೀರನ್ನು ಅಳೆಯುತ್ತಾರೆ, ಆಮೇಲೆ ಪಕ್ಕದ ತೋಟಕ್ಕೆ ಫೋನ್ ಮಾಡುತ್ತಾರೆ. ನಮ್ಮ ಪಕ್ಕದವರು ಬೆಳ್ಯಪ್ಪಣ್ಣ. "ಎಷ್ಟ್ ಬಂತ್?" ಅನ್ನುತ್ತಾರೆ. ನಾನು ಇಂಚು, ಇಂಚಿನ ನೂರನೇ ಪಾಲಾದ ಸೆಂಟುಗಳಲ್ಲಿ ಹೇಳುತ್ತೇನೆ. ಅವರು ತಮ್ಮದನ್ನು ಮೆಲ್ಲಗೆ ಹೇಳಿ ಬೇರೆ ಮಾತಿಗೆ ಹೋಗುತ್ತಾರೆ, ಯಾಕೆಂದರೆ ನಮಗೆ ಯಾವಾಗಲೂ ಅವರಿಗಿಂತ ಜಾಸ್ತಿ. ಅಪ್ಪನ ಕಾಲದಲ್ಲಿ ಅವರ ಕಡೆಯೇ ಹೆಚ್ಚು ಸುರಿಯುತ್ತಿತ್ತು. ತೋಟ ನನ್ನ ಕೈಗೆ ಬಂದ ಮೇಲೆ ಮಳೆ ಮೆಲ್ಲಗೆ ನಮ್ಮ ಕಡೆಗೆ ವಾಲಿತು. ಇದಕ್ಕೆ ನಾನು ಯಾವ ಹೆಗ್ಗಳಿಕೆಯನ್ನೂ ಬಾಯಿಬಿಟ್ಟು ಹೇಳಿಕೊಂಡವನಲ್ಲ, ಸುಮ್ಮನೆ ಅನುಭವಿಸುತ್ತಿದ್ದೆ. ಅಪ್ಪ ದಿನಾ ಬರೆದಿಟ್ಟ ಮಳೆಯ ಲೆಕ್ಕವನ್ನೆಲ್ಲ, ನನ್ನದರ ಜೊತೆಗೆ, ಕಂಪ್ಯೂಟರಿಗೆ ಏರಿಸಿದ್ದೆ. ಮೂಲ ಕಾಗದಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಈಗ ನಮ್ಮ ಬೆಳೆಗಾರರ ಸಂಘ ಊರಿನ ಮಳೆಯ ಬಗ್ಗೆ ಒಂದು ಸಣ್ಣ ಪುಸ್ತಕ ಮಾಡುವುದೆಂದೂ ಅದಕ್ಕೆ ನಮ್ಮ ಮನೆಯ ಲೆಕ್ಕವೇ ಆಧಾರವೆಂದೂ ತೀರ್ಮಾನವಾಗಿತ್ತು. ಪುಸ್ತಕದ ಜವಾಬ್ದಾರಿ ಹೊತ್ತವರೂ ಬೆಳ್ಯಪ್ಪಣ್ಣನೇ, ಪಾಪ.

ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿ ಮಡಿಕೇರಿಗೆ ಒಯ್ದೆ. ಅಂಗಡಿಯವನು ಕಂಬಳಿಯನ್ನು ಪೂರ್ತಿ ಬಿಚ್ಚಲೂ ಇಲ್ಲ.

"ಇದಕ್ಕೆ ಈಗ ಸಪೋರ್ಟ್ ಇಲ್ಲ ಸಾರ್. ಇದನ್ನ ಇಟ್ಕೊಂಡು ಎಂತ ಮಾಡ್ತೀರಿ?"

"ಹಳೇದಾಯ್ತು ಅಂತ ನಿಮ್ಮಜ್ಜನಿಗೂ ಹೀಗೇ ಹೇಳ್ತೀಯಾ?" ಎಂದು ಕೇಳಿದೆ.

"ಅಜ್ಜನಿಗೆ ಪಾರ್ಟ್ಸ್ ಸಿಗ್ತದೆ ಸಾರ್. ಮೊನ್ನೆ ತಾನೇ ಮಂಗಳೂರಿನಲ್ಲಿ ಮೊಣಕಾಲಿಗೆ ಹಾಕ್ಸಿದ್ದು."

ಇಂಥವರ ಹತ್ತಿರ ಮಾತಾಡಿ ಫಲವಿಲ್ಲ. ಕಂಪನಿಗೆ ಫೋನ್ ಮಾಡಿದೆ. ಒಂದು ಒತ್ತಿ, ಎರಡು ಒತ್ತಿ ಎಂದಿತು, ಒತ್ತಿದೆ. ಸಂಗೀತ ಕೇಳಿಸಿತು. ನಮ್ಮಲ್ಲಿ ಮಳೆಗಾಲದಲ್ಲಿ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ. ಕೊಡೆ ಹಿಡಿದು ಅಲ್ಲಿ ನಿಂತು ಆ ಸಂಗೀತವನ್ನು ಕೇಳುತ್ತಿದ್ದ ನನ್ನನ್ನು ನೋಡಿ ನಾಯಿ ಕೂಡ ಒಳಗೆ ಹೋಯಿತು. ಕೊನೆಗೆ ಮಾತಾಡಿದ ಹೆಣ್ಣುಮಗಳು ಬಹಳ ಮರ್ಯಾದೆಯಿಂದ, ನನ್ನ ಹೆಸರಿಗೆ 'ಜೀ' ಸೇರಿಸಿ, ಹೊಸದು ಕೊಳ್ಳಿ ಎಂದಳು. ಬೈದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಕಡೆಗೆ ಕೈಹಿಡಿದವಳು ಕುಶಾಲನಗರದಲ್ಲಿ ಸಣ್ಣ ಅಂಗಡಿ ಇಟ್ಟಿರುವ ಶಬಾನಾ. ಡಬ್ಬ ಬಿಚ್ಚಿ ಊದಿದಳು. ನಾಲ್ಕು ಸತ್ತ ಜಿರಲೆ, ಒಂದು ಕಾಳುಮೆಣಸು ಹೊರಗೆ ಬಿದ್ದವು. "ಅಂಕಲ್, ಡಿಸ್ಕ್ ಬದಲಾಯಿಸಿ ಹಳೇದರಲ್ಲಿದ್ದದ್ದನ್ನೆಲ್ಲ ಅದಕ್ಕೆ ಇಳಿಸ್ತೇನೆ, ಮೆಮೊರಿ ಒಂದು ಜಾಸ್ತಿ ಹಾಕ್ತೇನೆ. ಪುಕ್ಕಟೆ ಸಿಸ್ಟಂ ಒಂದುಂಟು, ಅದು ಹಳೇದಕ್ಕೂ ಆಗ್ತದೆ. ನಿಮ್ಮ ಮಳೆಗೆ ಏನೂ ಆಗಲ್ಲ," ಎಂದಳು. ಆಗಲೂ ಇಲ್ಲ. ಈಗ ಕಂಪ್ಯೂಟರು ನಾನು ಟವೆಲು ಹುಡುಕುವಷ್ಟರಲ್ಲಿ ತೆರೆದುಕೊಳ್ಳುತ್ತದೆ.

ಮನೆಗೆ ತಂದು ಕಿಟಕಿಯ ಪಕ್ಕ ಇಟ್ಟು, ಅಪ್ಪನ ಮಳೆ, ನನ್ನ ಮಳೆ ಎಲ್ಲವನ್ನೂ ತೆರೆದು ಹೆಂಡತಿಯನ್ನು ಕರೆದೆ. ಹಳೆಯದಾಗುವುದು ಬೇರೆ, ಕೆಡುವುದು ಬೇರೆ. ಈ ಕಂಪನಿಗಳವರಿಗೆ ಅಷ್ಟೂ ಗೊತ್ತಿಲ್ಲ ಎಂದು ಭಾಷಣ ಶುರುಮಾಡಿದೆ. ಅವಳು ತೆರೆಯನ್ನು ನೋಡುತ್ತಿರಲಿಲ್ಲ, ಕಿಟಕಿಯಾಚೆ ನೋಡುತ್ತಿದ್ದಳು.

"ಮಳೆ ಬಿಟ್ಟ್ ಎಷ್ಟೋ ಹೊತ್ತಾತ್," ಎಂದಳು. "ನಿಮ್ಮ ಗೇಜಿಗೆ ಇನ್ನೂ ಬೀಳ್ತಾ ಉಟ್ಟಲ್ಲ?"

ನೋಡಿದೆ. ಅಪ್ಪ ಬಯಲಲ್ಲಿ ನಿಲ್ಲಿಸಿದ್ದ ಗೇಜಿನ ಪಕ್ಕದಲ್ಲೇ ನಾನು ನೆರಳಿಗೆಂದು ಒಂದು ಸಿಲ್ವರ್ ಓಕ್ ಮರ ನೆಟ್ಟಿದ್ದೆ. ಅದಕ್ಕೆ ಮೆಣಸಿನ ಬಳ್ಳಿ ಚೆನ್ನಾಗಿ ಹಬ್ಬಿದೆಯೆಂದು ಪ್ರತಿವರ್ಷ ನೆರಳಿನ ಮರಗಳ ಕೊಂಬೆ ಕಡಿಸುವಾಗ ಅದೊಂದನ್ನು ಮುಟ್ಟಲು ಬಿಟ್ಟಿರಲಿಲ್ಲ. ಅದರ ಕೊಂಬೆ ಈಗ ಗೇಜಿನ ಮೇಲೆ ಚಾಚಿಕೊಂಡಿತ್ತು. ಎಲೆಯಿಂದ ಎಲೆಗೆ ಇಳಿದ ನೀರೆಲ್ಲ ಒಟ್ಟಾಗಿ, ಗುರಿಯಿಟ್ಟ ಹಾಗೆ, ಟಪ್ ಟಪ್ ಎಂದು ಅದರೊಳಗೇ ಬೀಳುತ್ತಿತ್ತು. ಅಪ್ಪನ ಮಳೆ ಆಕಾಶದ್ದು. ನನ್ನ ಮಳೆಯಲ್ಲಿ ಎಷ್ಟು ಆಕಾಶದ್ದು, ಎಷ್ಟು ಮರದ್ದು ಎಂದು ಶಬಾನಾ ಕೂಡ ಬಿಡಿಸಿಕೊಡಲಾರಳು.

"ಈ ಸಲ ಕೊಂಬೆ ಕಡಿಸ್ತೇನೆ," ಎಂದೆ.

"ಈವರೆಗೆ ಬಂದ ಮಳೆನ ಎಂತ ಮಾಡ್ದು?" ಎಂದು ಕೇಳಿ ಅವಳು ಅಡುಗೆಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಬೆಳ್ಯಪ್ಪಣ್ಣನ ಫೋನು. "ಎಷ್ಟ್ ಬಂತ್? ಕಂಪ್ಯೂಟರ್ ಸರಿಯಾತಂತೆ. ಪುಸ್ತಕಕ್ಕೆ ಲೆಕ್ಕ ಯಾವಾಗ ಕೊಡ್ತಿಯ?"

ಕಿಟಕಿಯಾಚೆ ನೋಡಿದೆ. ಅಪ್ಪನ ಗೇಜು ಒಂದು ತಪ್ಪೂ ಮಾಡದೆ, ಬಿದ್ದಷ್ಟನ್ನು ಪ್ರಾಮಾಣಿಕವಾಗಿ ತುಂಬಿಕೊಂಡು ನಿಂತಿತ್ತು.

"ಕಂಪ್ಯೂಟರಿಗೆ ಎಂತ ತೊಂದರೆ ಇಲ್ಲೆ ಅಣ್ಣ," ಎಂದೆ. "ಈ ಗೇಜ್ ಮಾತ್ರ ಅಪ್ಪನ ಕಾಲದ್ದ್, ತುಂಬ ಹಳೇದಾತ್. ಅದ್ಕೆ ಈಗ ಸಪೋರ್ಟ್ ಇಲ್ಲೆ."